ಮೀಟರ್ ತೊಂಬತ್ತೆರಡು ಸಾವಿರ ದಾಟಿದೆ, ಕೂರಬಹುದೇ? ವಿಡಿಯೋ ಪೋಕರ್ ಜಾಕ್‌ಪಾಟ್‌ನ ಲೆಕ್ಕ

ದೀಪಾವಳಿ ರಜೆಯ ಒಂದು ರಾತ್ರಿ ಹನ್ನೊಂದೂವರೆಗೆ ತಂಗಿಯ ಮಗ ಪಣಜಿಯಿಂದ ಫೋನ್ ಮಾಡಿದ. ಹುಬ್ಬಳ್ಳಿಯಿಂದ ಗೆಳೆಯರ ಜೊತೆ ಬಂದವನು ಮಾಂಡೋವಿ ದಂಡೆಯಲ್ಲಿ ದೋಣಿ ಹತ್ತಿ ಕ್ಯಾಸಿನೊ ಹಡಗಿಗೆ ಹೋಗಿದ್ದ. ಗಾಳಿಯ ಸದ್ದಿನ ನಡುವೆ ಕೂಗಿ ಹೇಳಿದ: "ಮಾಮಾ, ಇಲ್ಲೊಂದು ಪೋಕರ್ ಮಷೀನ್ ಐತಿ. ಮ್ಯಾಲಿನ ಮೀಟರ್ ತೊಂಬತ್ತೆರಡು ಸಾವಿರದ ನಾನೂರಾ ಅರವತ್ತಕ್ಕ ಬಂದೇತಿ. ಕುಂದ್ರಲೇನು?"

"ಫುಲ್ ಹೌಸ್ ಮುಂದ ಎಷ್ಟ ಬರದಾರ, ಅದನ್ನ ಮೊದಲ ಹೇಳು" ಅಂದೆ.

ಅವನಿಗೆ ಅರ್ಥವಾಗಲಿಲ್ಲ. ತಾನು ಕೇಳಿದ್ದು ಆ ಮೀಟರ್ ತೋರಿಸುವ ಜಾಕ್‌ಪಾಟ್ ಹಣದ ಬಗ್ಗೆ, ಮಾಮಾ ಕೇಳುತ್ತಿರುವುದು ಇನ್ನಾವುದೋ ಸಾಲಿನ ಬಗ್ಗೆ. ವಾಸ್ಕೋದಲ್ಲಿ ಲೆಕ್ಕಪತ್ರ ನೋಡಿಕೊಂಡು ಬದುಕುವ ನನಗೆ ಪ್ರತಿ ರಜೆಯಲ್ಲೂ ಬೆಳಗಾವಿ, ಹುಬ್ಬಳ್ಳಿ, ಗದಗದ ಕಡೆಯಿಂದ ಇಂಥ ಒಂದಾದರೂ ಕರೆ ಬರುತ್ತದೆ. ಎರಡು ಮಾತಿನಲ್ಲಿ ಮುಗಿಸುವ ಉತ್ತರವಲ್ಲ ಇದು. ಹಾಗಾಗಿ ಪೂರ್ತಿ ಲೆಕ್ಕವನ್ನೇ ಇಲ್ಲಿ ಬಿಡಿಸಿ ಇಡುತ್ತಿದ್ದೇನೆ. ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು ಬಂದರೆ ಸಾಕು.

ಯಂತ್ರದ ಮುಂದೆ ಕೂತರೆ ಆಗುವುದೇನು

ವಿಡಿಯೋ ಪೋಕರ್‌ನಲ್ಲಿ ಎದುರಾಳಿ ಇಲ್ಲ. ಪರದೆಯ ಮೇಲೆ ಐದು ಎಲೆ ಬೀಳುತ್ತವೆ. ಬೇಕಾದವನ್ನು ಹಿಡಿದು, ಬೇಡವಾದವನ್ನು ಬಿಟ್ಟು ಗುಂಡಿ ಒತ್ತಿದರೆ ಬಿಟ್ಟಷ್ಟು ಎಲೆ ಹೊಸದಾಗಿ ಬರುತ್ತವೆ. ಕೊನೆಗೆ ಕೈಯಲ್ಲಿ ಉಳಿದ ಐದು ಎಲೆಗೆ ತಕ್ಕಂತೆ ಹಣ. ನಾವು ಹಬ್ಬದಲ್ಲಿ ಚಾಪೆ ಹಾಸಿ ಆಡುವ ಅದೇ 52 ಎಲೆಯ ಕಟ್ಟು.

ಎಲ್ಲಕ್ಕಿಂತ ಸಾಮಾನ್ಯವಾದ ಆಟಕ್ಕೆ 'ಜ್ಯಾಕ್ಸ್ ಆರ್ ಬೆಟರ್' ಎಂದು ಹೆಸರು. ಗುಲಾಮ, ರಾಣಿ, ರಾಜ, ಎಕ್ಕ ಇವುಗಳಲ್ಲಿ ಯಾವುದಾದರೂ ಒಂದು ಜೋಡಿ ಬಂದರೆ ಹಾಕಿದ ಹಣ ವಾಪಸ್. ಎರಡು ಜೋಡಿಗೆ ಎರಡು ಪಟ್ಟು, ಒಂದೇ ಅಂಕಿಯ ಮೂರು ಎಲೆಗೆ ಮೂರು ಪಟ್ಟು, ಹೀಗೆ ಮೇಲೇರುತ್ತದೆ. ಮೂರು ಒಂದು ಥರ, ಎರಡು ಇನ್ನೊಂದು ಥರ ಬಂದರೆ ಅದು ಫುಲ್ ಹೌಸ್. ಐದೂ ಒಂದೇ ಬಣ್ಣ, ಅಂದರೆ ಐದೂ ಆಟೀನ್ ಅಥವಾ ಐದೂ ಕಳಾವರ್, ಬಂದರೆ ಫ್ಲಷ್. ಎಲ್ಲಕ್ಕೂ ಮೇಲಿನದು ರಾಯಲ್ ಫ್ಲಷ್: ಒಂದೇ ಬಣ್ಣದ ಹತ್ತು, ಗುಲಾಮ, ರಾಣಿ, ರಾಜ, ಎಕ್ಕ. ಜಾಕ್‌ಪಾಟ್ ಇರುವುದು ಇದಕ್ಕೆ.

ಈ ಆಟ ಜನಪ್ರಿಯವಾದದ್ದು 1980ರ ದಶಕದಲ್ಲಿ, ಅಮೆರಿಕದ ನೆವಾಡಾ ರಾಜ್ಯದಲ್ಲಿ. ಅಲ್ಲಿ ಒಂದು ಕಟ್ಟುನಿಟ್ಟಾದ ನಿಯಮವಿದೆ. ಪರದೆಯ ಮೇಲಿನ ಎಲೆಗಳೂ ನಿಜವಾದ ಕಟ್ಟಿನಿಂದ ತೆಗೆದಷ್ಟೇ ಸಂಭವದಲ್ಲಿ ಬರಬೇಕು. ವಿಡಿಯೋ ಪೋಕರ್ ಅನ್ನು ಲೆಕ್ಕ ಹಾಕಲು ಸಾಧ್ಯವಾಗುವುದೇ ಇದರಿಂದ. ಹಣ್ಣು, ಗಂಟೆ ತಿರುಗುವ ಸ್ಲಾಟ್ ಯಂತ್ರದೊಳಗೆ ಯಾವ ಚಿತ್ರ ಎಷ್ಟಿದೆ ಎಂದು ಹೊರಗಿನವರಿಗೆ ಕಾಣುವುದಿಲ್ಲ. ಇಲ್ಲಿ ಕಟ್ಟು ಗೊತ್ತು, ಹಣದ ಪಟ್ಟಿ ಪರದೆಯ ಮೇಲೇ ಇದೆ. ಆದರೆ ನೆವಾಡಾದ ನಿಯಮ ನೆವಾಡಾಕ್ಕೆ ಮಾತ್ರ. ಮುಂದಿನ ಲೆಕ್ಕವೆಲ್ಲ ನಿಮ್ಮ ಮುಂದಿರುವ ಯಂತ್ರವೂ ನೇರವಾದ 52 ಎಲೆಯ ಕಟ್ಟಿನಿಂದಲೇ ಹಂಚುತ್ತಿದೆ ಎಂದು ನಂಬಿ ಮಾಡಿದ್ದು. ಯಂತ್ರದ 'ಹೆಲ್ಪ್' ಗುಂಡಿ ಒತ್ತಿ ಅದನ್ನು ಓದಿಕೊಳ್ಳುವುದು ಮೊದಲ ಕೆಲಸ.

ಮೀಟರ್ ಏರುವುದು ಯಾರ ಹಣದಿಂದ

ಸಾಮಾನ್ಯ ಯಂತ್ರದಲ್ಲಿ ರಾಯಲ್‌ಗೆ ಐದು ನಾಣ್ಯ ಹಾಕಿದರೆ 4,000 ನಾಣ್ಯ ಸಿಗುತ್ತದೆ. ನಾಣ್ಯವೊಂದಕ್ಕೆ ₹10 ಅಂದರೆ ಆಟಕ್ಕೆ ₹50, ರಾಯಲ್‌ಗೆ ₹40,000. 'ಪ್ರೋಗ್ರೆಸಿವ್' ಅಂದರೆ ಈ ₹40,000 ಸ್ಥಿರವಲ್ಲ. ಜನ ಹಾಕುವ ಪ್ರತಿ ಆಟದಿಂದ ಒಂದು ಸಣ್ಣ ಪಾಲು ತೆಗೆದು ಮೇಲಿನ ಮೀಟರ್‌ಗೆ ಸೇರಿಸುತ್ತಾರೆ. ಶೇ 1 ಎಂದುಕೊಳ್ಳಿ. ₹50ರ ಆಟಕ್ಕೆ 50 ಪೈಸೆ. ಪಕ್ಕಪಕ್ಕದ ನಾಲ್ಕಾರು ಯಂತ್ರ ಒಂದೇ ಮೀಟರ್‌ಗೆ ಜೋಡಿಸಿದ್ದರೆ ಎಲ್ಲರ ಪೈಸೆಯೂ ಅಲ್ಲಿಗೇ. ಯಾರಿಗಾದರೂ ರಾಯಲ್ ಬಿದ್ದ ಕ್ಷಣ ಮೀಟರ್ ಮತ್ತೆ ₹40,000ಕ್ಕೆ ಇಳಿಯುತ್ತದೆ.

ಒಂದು ಎಚ್ಚರಿಕೆ. ಮೀಟರ್‌ನ ಹಣ ಸಿಗುವುದು ಐದೂ ನಾಣ್ಯ ಹಾಕಿದಾಗ ಮಾತ್ರ. "ಕಡಿಮೆ ಹಾಕಿ ನೋಡೋಣ" ಎಂದು ಒಂದೇ ನಾಣ್ಯ ಹಾಕಿದವನಿಗೆ ರಾಯಲ್ ಬಿದ್ದರೂ ಸಾಮಾನ್ಯವಾಗಿ ಸಿಗುವುದು 250 ನಾಣ್ಯ, ₹2,500 ಅಷ್ಟೇ. ಮೇಲೆ ತೊಂಬತ್ತು ಸಾವಿರ ಹೊಳೆಯುತ್ತಲೇ ಇರುತ್ತದೆ.

ಫುಲ್ ಹೌಸ್ ಸಾಲು ಯಾಕೆ ಮುಖ್ಯ

ಒಂದೇ ಹೆಸರಿನ ಆಟ, ಒಂದೇ ಬಣ್ಣದ ಪರದೆ, ಆದರೂ ಯಂತ್ರದಿಂದ ಯಂತ್ರಕ್ಕೆ ವ್ಯತ್ಯಾಸ ಇರುವುದು ಎರಡು ಸಾಲಿನಲ್ಲಿ. ಹಣದ ಪಟ್ಟಿಯಲ್ಲಿ ಒಂದು ನಾಣ್ಯಕ್ಕೆ ಸಿಗುವುದನ್ನು ತೋರಿಸುವ ಮೊದಲ ಕಂಬದಲ್ಲಿ ಫುಲ್ ಹೌಸ್‌ಗೆ 9, ಫ್ಲಷ್‌ಗೆ 6 ಎಂದಿದ್ದರೆ ಅದು ಪೂರ್ತಿ ಹಣ ಕೊಡುವ ಯಂತ್ರ. ಆಟಗಾರರು ಇದನ್ನು 'ನೈನ್-ಸಿಕ್ಸ್' ಅನ್ನುತ್ತಾರೆ. 8 ಮತ್ತು 5 ಇದ್ದರೆ 'ಏಟ್-ಫೈವ್'. ಐದು ನಾಣ್ಯದ ಕೊನೆಯ ಕಂಬ ನೋಡುವುದಾದರೆ 45 ಮತ್ತು 30, ಇಲ್ಲವೇ 40 ಮತ್ತು 25.

ಒಂದು ನಾಣ್ಯ ತಾನೇ, ಏನಾಯಿತು ಅನ್ನಿಸುತ್ತದೆ. ಆದರೆ ಫುಲ್ ಹೌಸ್ ಸುಮಾರು 87 ಆಟಕ್ಕೊಮ್ಮೆ, ಫ್ಲಷ್ ಸುಮಾರು 91 ಆಟಕ್ಕೊಮ್ಮೆ ಬರುತ್ತದೆ. ಒಂದೊಂದು ನಾಣ್ಯದ ಕಡಿತಕ್ಕೂ ಶೇ 1.1ರಷ್ಟು ಪೆಟ್ಟು. ಒಂದೂ ತಪ್ಪಿಲ್ಲದೆ ಆಡಿದರೆ ನೈನ್-ಸಿಕ್ಸ್ ಯಂತ್ರ ದೀರ್ಘಕಾಲದಲ್ಲಿ ₹100ಕ್ಕೆ ₹99.54 ಹಿಂದಿರುಗಿಸುತ್ತದೆ, ಏಟ್-ಫೈವ್ ₹97.30. ಇವೆರಡೂ ರಾಯಲ್‌ಗೆ ₹40,000 ಇದ್ದಾಗಿನ ಲೆಕ್ಕ. ಮೀಟರ್ ಜೋಡಿಸಿದ ಯಂತ್ರದಲ್ಲಿ ಈ ಎರಡು ಸಾಲನ್ನು ಕಡಿತ ಮಾಡಿರುವುದು ತೀರ ಸಾಮಾನ್ಯ. ಮೇಲೆ ದೊಡ್ಡ ಅಂಕಿ ತೋರಿಸಿ ಕೆಳಗೆ ಸಣ್ಣ ಅಂಕಿಯಲ್ಲಿ ವಸೂಲು ಮಾಡುವ ಏರ್ಪಾಡು ಇದು. ನನ್ನ ಅಳಿಯ ಒಳಗೆ ಹೋಗಿ ನೋಡಿ ಬಂದು ಹೇಳಿದ: "ಫುಲ್ ಹೌಸ್ ಎಂಟು, ಫ್ಲಷ್ ಐದು ಮಾಮಾ."

ತೂತಿನ ಕೊಡದ ಲೆಕ್ಕ

ಈಗ ಮುಖ್ಯ ಪ್ರಶ್ನೆಗೆ ಬರೋಣ. ಮೀಟರ್ ಎಷ್ಟಾದರೆ ಸರಿದೂಗುತ್ತದೆ?

ಐದು ಎಲೆ ತೆಗೆಯುವ ಬಗೆ ಒಟ್ಟು 25,98,960. ಅದರಲ್ಲಿ ರಾಯಲ್ ನಾಲ್ಕೇ ನಾಲ್ಕು. ಮೊದಲ ಐದು ಎಲೆಯಲ್ಲೇ ಅದು ಬರುವುದು 6,49,740ರಲ್ಲಿ ಒಂದು ಸಲ. ಎಲೆ ಬದಲಿಸುವ ಅವಕಾಶ ಇರುವುದರಿಂದ ಸರಿಯಾಗಿ ಆಡುವವರಿಗೆ ಸುಮಾರು 40,000 ಆಟಕ್ಕೊಂದು ರಾಯಲ್ ಬೀಳುತ್ತದೆ. ಈ 40,000 ಅನ್ನು ನೆನಪಿಡಿ.

ತೂತಿರುವ ಒಂದು ಕೊಡ ಕಣ್ಣಮುಂದೆ ತಂದುಕೊಳ್ಳಿ. ರಾಯಲ್ ಬಿಟ್ಟು ಉಳಿದೆಲ್ಲ ಗೆಲುವು ಸೇರಿದರೂ ಏಟ್-ಫೈವ್ ಯಂತ್ರ ₹100ಕ್ಕೆ ಕೊಡುವುದು ಸುಮಾರು ₹95.30. ಅಂದರೆ ₹50ರ ಪ್ರತಿ ಆಟಕ್ಕೂ ಸರಾಸರಿ ₹2.35 ಸೋರುತ್ತದೆ. ರಾಯಲ್ ಬರುವ ಹೊತ್ತಿಗೆ ಸರಾಸರಿ 40,000 ಆಟ ಆಗಿರುತ್ತದೆ. 40,000 × 2.35 = ₹94,000. ಇಷ್ಟು ಸೋರಿದ ಮೇಲೆ ಒಂದು ಬಿಂದಿಗೆ ನೀರು ಒಮ್ಮೆಲೇ ಬಂದು ಬೀಳುತ್ತದೆ, ಅದು ಜಾಕ್‌ಪಾಟ್. ಬೀಳುವ ನೀರು ಸೋರಿದ್ದಕ್ಕಿಂತ ಹೆಚ್ಚಿದ್ದರೆ ಲಾಭ, ಕಡಿಮೆಯಿದ್ದರೆ ನಷ್ಟ. ಯಾವ ಮೀಟರ್ ಯಂತ್ರಕ್ಕಾದರೂ ಇದೇ ಸೂತ್ರ.

ನೈನ್-ಸಿಕ್ಸ್ ಯಂತ್ರದಲ್ಲಿ ತೂತು ಚಿಕ್ಕದು, ಆಟಕ್ಕೆ ₹1.22. ಆದ್ದರಿಂದ ₹48,800ಕ್ಕೇ ಸರಿದೂಗುತ್ತದೆ. ಒಂದೇ ಮೀಟರ್ ಅಂಕಿ ಒಂದು ಯಂತ್ರದ ಮೇಲೆ ಒಳ್ಳೆಯದು, ಪಕ್ಕದ ಯಂತ್ರದ ಮೇಲೆ ಕೆಟ್ಟದ್ದು ಆಗಬಹುದು. ಫೋನಿನಲ್ಲಿ ಮೊದಲು ಫುಲ್ ಹೌಸ್ ಕೇಳಿದ್ದು ಅದಕ್ಕೆ.

ಮೀಟರ್ ಏರಿದಾಗ ಆಡುವ ರೀತಿಯೂ ಬದಲಾಗಬೇಕು

ಒಂದು ಕೈಯನ್ನು ಹತ್ತಿರದಿಂದ ನೋಡೋಣ. ಬಂದಿರುವುದು ಆಟೀನ್ ರಾಣಿ, ಆಟೀನ್ ಗುಲಾಮ, ಆಟೀನ್ ಹತ್ತು, ಕಳಾವರ್ ರಾಣಿ, ಡೈಮಂಡ್ ನಾಲ್ಕು. ರಾಣಿಯ ಜೋಡಿ ಆಗಲೇ ಕೈಯಲ್ಲಿದೆ. ಅದನ್ನು ಹಿಡಿದು ಮೂರು ಎಲೆ ಬಿಟ್ಟರೆ ಸರಾಸರಿ ₹75ರಷ್ಟು ಬೆಲೆ. ಜೋಡಿ ಮುರಿದು ಮೂರು ಆಟೀನ್ ಹಿಡಿದರೆ? ಉಳಿದ 47 ಎಲೆಯಿಂದ ಎರಡು ತೆಗೆಯುವ ಬಗೆ 1,081. ಅದರಲ್ಲಿ ಒಂದೇ ಒಂದು, ಆಟೀನ್ ರಾಜ ಮತ್ತು ಎಕ್ಕ, ರಾಯಲ್ ಕೊಡುತ್ತದೆ. ಮೀಟರ್ ₹40,000 ಇದ್ದಾಗ ಆ ಆಸೆಯ ಬೆಲೆ 40,000 ÷ 1,081, ಅಂದರೆ ₹37. ಬೇರೆ ಸಣ್ಣ ಗೆಲುವುಗಳಿಂದ ಇನ್ನೊಂದು ₹35ರ ಆಸುಪಾಸು. ಒಟ್ಟು ₹72. ಜೋಡಿ ಹಿಡಿಯುವುದೇ ಸರಿ. ಮೀಟರ್ ₹92,460 ಆದಾಗ ಅದೇ ಆಸೆಯ ಬೆಲೆ ₹86, ಒಟ್ಟು ₹121. ಈಗ ಕೈಯಲ್ಲಿರುವ ಗೆಲುವನ್ನೇ ಮುರಿಯಬೇಕು.

ಎಂಥ ಗಟ್ಟಿ ಎದೆ ಬೇಕು ಇದಕ್ಕೆ! ಪರದೆ 'ಗೆಲುವು' ಎಂದು ತೋರಿಸುತ್ತಿರುವಾಗ ಅದನ್ನು ಬಿಟ್ಟುಕೊಡುವುದು, ಅದೂ ಸಾವಿರ ಸಲ ಮಾಡಿದರೆ ಒಮ್ಮೆ ಫಲಿಸುವ ಕಾರಣಕ್ಕೆ. ಹೀಗೆ ಆಡುವವರಿಗೆ ಏಟ್-ಫೈವ್ ಯಂತ್ರ ಸರಿದೂಗುವ ಮೊತ್ತ ₹94,000ದಿಂದ ಸುಮಾರು ₹86,650ಕ್ಕೆ ಇಳಿಯುತ್ತದೆ. ಅಳಿಯನ ಮೀಟರ್ ₹92,460. ಅಮೆರಿಕದ ಪಳಗಿದ ಆಟಗಾರರು ಹಿಡಿಯುವ ಅಳತೆಗೋಲಿನಲ್ಲಿ ಆ ಯಂತ್ರ ರೇಖೆ ದಾಟಿತ್ತು. ಅಂತರ್ಜಾಲದಲ್ಲಿ ಸಿಗುವ ಲೆಕ್ಕಗಳೂ "ಕೂರಬಹುದು" ಎಂದೇ ಹೇಳುತ್ತವೆ. ಆದರೆ ಅಳಿಯ ಇದ್ದದ್ದು ಗೋವಾದಲ್ಲಿ.

ಗೋವಾದಲ್ಲಿ ಸೇರಿಸಬೇಕಾದ ಎರಡು ಸಾಲು

ಮೊದಲನೆಯದು ಜಿಎಸ್‌ಟಿ. ಕ್ಯಾಸಿನೊದಲ್ಲಿ ಚಿಪ್ ಅಥವಾ ಕ್ರೆಡಿಟ್ ಕೊಳ್ಳುವ ಪೂರ್ತಿ ಮೊತ್ತದ ಮೇಲೆ 2023ರ ಅಕ್ಟೋಬರ್ 1ರಿಂದ ಶೇ 28 ತೆರಿಗೆ ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ 40. ಗೆದ್ದ ಹಣವನ್ನೇ ತಿರುಗಿಸಿ ಆಡಿದರೆ ಮತ್ತೆ ತೆರಿಗೆ ಇಲ್ಲ. ಆದರೆ ಸೋರಿಹೋದ ಪ್ರತಿ ರೂಪಾಯಿಯನ್ನೂ ಕೌಂಟರ್‌ಗೆ ಹೋಗಿ ಮತ್ತೆ ಕೊಳ್ಳಬೇಕು, ಆಗ ತೆರಿಗೆ ಕಟ್ಟಲೇಬೇಕು. ₹94,000 ಸೋರಿದರೆ ಅಷ್ಟು ಕ್ರೆಡಿಟ್ ಕೊಳ್ಳಲು ₹37,600 ತೆರಿಗೆ. ಖರ್ಚು ಒಟ್ಟು ₹1,31,600.

ಎರಡನೆಯದು ಆದಾಯ ತೆರಿಗೆ. ಜೂಜಿನ ಗೆಲುವಿಗೆ ಶೇ 30, ಅದರ ಮೇಲೆ ಶೇ 4 ಸೆಸ್, ಒಟ್ಟು ಶೇ 31.2. ನಿಮ್ಮ ಸಂಬಳ ಎಷ್ಟೇ ಕಡಿಮೆಯಿರಲಿ, ಈ ದರ ಬದಲಾಗುವುದಿಲ್ಲ. ಗೆಲುವು ₹10,000 ದಾಟಿದರೆ ಶೇ 30 ಅಲ್ಲೇ ಮುರಿದುಕೊಂಡು ಉಳಿದದ್ದನ್ನು ಕೊಡುತ್ತಾರೆ. ಲೆಕ್ಕಪತ್ರದವನಾಗಿ ನನ್ನನ್ನು ಹೆಚ್ಚು ಕಾಡುವುದು ಇದರ ಇನ್ನೊಂದು ಭಾಗ. ಗೆಲ್ಲುವ ಮೊದಲು ಕಳೆದುಕೊಂಡದ್ದನ್ನು ಗೆಲುವಿನಿಂದ ಕಳೆಯಲು ಕಾನೂನು ಬಿಡುವುದಿಲ್ಲ. ಕಿರಾಣಿ ಅಂಗಡಿಯವನು ಸರಕಿನ ಖರ್ಚು ಕಳೆದು ಉಳಿದ ಲಾಭಕ್ಕೆ ತೆರಿಗೆ ಕಟ್ಟುತ್ತಾನೆ. ಇಲ್ಲಿ ₹94,000 ಕಳೆದುಕೊಂಡು ₹92,460 ಗೆದ್ದವನು ಪೂರ್ತಿ ₹92,460ಕ್ಕೆ ತೆರಿಗೆ ಕಟ್ಟಬೇಕು. ಲಾಭವೇ ಇಲ್ಲದಿದ್ದರೂ. (₹10,000 ಒಳಗಿನ ಸಣ್ಣ ಗೆಲುವುಗಳಿಗೂ ಕಾನೂನಿನ ಪ್ರಕಾರ ತೆರಿಗೆ ಇದೆ. ಲೆಕ್ಕ ಸರಳವಾಗಿರಲಿ ಎಂದು ಅದನ್ನು ಕೈಬಿಟ್ಟಿದ್ದೇನೆ. ಸೇರಿಸಿದರೆ ಚಿತ್ರ ಇನ್ನೂ ಕೆಡುತ್ತದೆ.)

ಈಗ ಅಳಿಯನ ಯಂತ್ರಕ್ಕೆ ಎರಡೂ ಸೇರಿಸಿ ನೋಡಿ. ₹92,460 ಬಿದ್ದರೆ ತೆರಿಗೆ ಕಳೆದು ಕೈಗೆ ₹63,600. ಅಲ್ಲಿಗೆ ತಲುಪಲು ಸರಾಸರಿ ಖರ್ಚು ₹1,31,600. ಜಾಕ್‌ಪಾಟ್ ಗೆದ್ದೂ ₹68,000 ಕೊರತೆ. ಸರಿದೂಗಬೇಕಾದರೆ ಮೀಟರ್ 1,31,600 ÷ 0.688, ಅಂದರೆ ₹1,91,000 ಮುಟ್ಟಬೇಕು. ಕೈಯೊಳಗಿನ ಜೋಡಿ ಮುರಿಯುವಷ್ಟು ಪಳಗಿದವರಿಗೂ ಅದು ₹1,76,000. ನೈನ್-ಸಿಕ್ಸ್ ಯಂತ್ರ ಸಿಕ್ಕರೂ ₹48,800 ಸಾಲುವುದಿಲ್ಲ, ₹99,300 ಬೇಕು.

ಫೋನಿನಲ್ಲೇ ಹಣ ಕಟ್ಟಿ ಆಡಿಸುವ ಆ್ಯಪ್‌ಗಳಲ್ಲೂ ಇಂಥ ಮೀಟರ್ ತೋರಿಸುತ್ತಾರೆ. ಅವುಗಳ ಬಗ್ಗೆ ಲೆಕ್ಕವೇ ಬೇಡ. 2025ರ ಆಗಸ್ಟ್‌ನಲ್ಲಿ ಬಂದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ.

"ಇಷ್ಟು ದಿನ ಬಿದ್ದಿಲ್ಲ, ಇವತ್ತು ಬೀಳಲೇಬೇಕು"

ಅಳಿಯನ ಗೆಳೆಯನೊಬ್ಬ ಹಿಂದಿನಿಂದ ಕೂಗಿದ ಮಾತಿದು. ಲೂಡೋ ಆಡುವಾಗ ಹತ್ತು ಸಲ ಆರು ಬೀಳದಿದ್ದರೆ ಹನ್ನೊಂದನೆಯ ಸಲ ದಾಳ ಕನಿಕರ ತೋರಿಸುವುದಿಲ್ಲ. ಆಗಲೂ ಆರರಲ್ಲಿ ಒಂದೇ. ಯಂತ್ರಕ್ಕೂ ನೆನಪಿಲ್ಲ. ಪ್ರತಿ ಆಟಕ್ಕೂ ಹೊಸದಾಗಿ ಕಲೆಸಿದ ಕಟ್ಟು. ಮೀಟರ್ ಏರಿದಾಗ ರಾಯಲ್‌ಗೆ ಸಿಗುವ ಹಣ ಹೆಚ್ಚುತ್ತದೆ, ರಾಯಲ್ ಬೀಳುವ ಸಂಭವ ಹೆಚ್ಚುವುದಿಲ್ಲ.

40,000 ಆಟಕ್ಕೊಂದು ಅನ್ನುವುದು ಸರಾಸರಿ ಮಾತ್ರ. 40,000 ಆಟ ಪೂರ್ತಿ ಆಡಿದ 100 ಜನರಲ್ಲಿ 37 ಜನ ಒಂದೂ ರಾಯಲ್ ಕಾಣದೆ ಏಳುತ್ತಾರೆ. 80,000 ಆಡಿದರೂ ಸುಮಾರು 14 ಜನಕ್ಕೆ ಇಲ್ಲ. ಚುರುಕಾಗಿ ಒತ್ತುವವರು ಗಂಟೆಗೆ 600 ಆಟ ಆಡಬಲ್ಲರು, ಆ ವೇಗದಲ್ಲಿ 40,000 ಆಟಕ್ಕೆ 67 ಗಂಟೆ. ರಜೆಗೆ ಬಂದವರು ಒಂದು ರಾತ್ರಿಯಲ್ಲಿ ಐದು ಗಂಟೆ ಕೂತರೆ ಆಗುವುದು 3,000 ಆಟ. ಅಷ್ಟರಲ್ಲಿ ರಾಯಲ್ ಕಾಣುವುದು 100ರಲ್ಲಿ ಏಳು ಜನ. ಉಳಿದ 93 ಜನ ಸರಾಸರಿ ₹7,000 ಕಳೆದುಕೊಂಡಿರುತ್ತಾರೆ, ಜಿಎಸ್‌ಟಿ ಬೇರೆ.

"ಹಂಗಾರ ಎರಡು ಲಕ್ಷ ಆದ್ರ?"

ಇಷ್ಟೆಲ್ಲ ಕೇಳಿಸಿಕೊಂಡ ಮೇಲೆ ಅಳಿಯ ಕೇಳಿದ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ₹1,91,000ಕ್ಕೆ ಸರಿದೂಗುವುದಾದರೆ ಎರಡು ಲಕ್ಷದ ಮೀಟರ್ ಕಾದು ಕೂರಬಹುದಲ್ಲ?

ಮೀಟರ್ ಆಟಕ್ಕೆ 50 ಪೈಸೆಯಂತೆ ಏರುತ್ತದೆ ಎಂದುಕೊಂಡೆವು. ₹40,000ದಿಂದ ಎರಡು ಲಕ್ಷಕ್ಕೆ ಏರಲು ₹1,60,000 ಕೂಡಬೇಕು, ಅಂದರೆ 3,20,000 ಆಟ. ಅಷ್ಟೂ ಆಟದಲ್ಲಿ, ಜೋಡಿಸಿದ ಯಾವ ಯಂತ್ರದಲ್ಲೂ, ಯಾರೊಬ್ಬರಿಗೂ ರಾಯಲ್ ಬೀಳದೆ ಇರಬೇಕು. ಮೀಟರ್ ₹40,000ದಿಂದ ಶುರುವಾಗಿ ರಾಯಲ್ ಬೀಳುವವರೆಗೆ ಒಂದು ಸುತ್ತು ಎಂದುಕೊಂಡರೆ, ಅದು ಆಗುವುದು 10,000 ಸುತ್ತಿಗೆ ಮೂರು ಸಲ. ಮೀಟರ್ ಎರಡು ಪಟ್ಟು ವೇಗದಲ್ಲಿ, ಶೇ 2ರಂತೆ ಏರಿದರೂ 100 ಸುತ್ತಿಗೆ ಎರಡೇ ಸಲ. ಅಳಿಯ ಕಂಡ ₹92,460 ಸಹ 100 ಸುತ್ತಿಗೆ ಏಳೇ ಸಲ ಕಾಣಸಿಗುವಂಥದ್ದು.

ಅಂಥ ಯಂತ್ರ ಸಿಕ್ಕಿತು, ಸೀಟೂ ಖಾಲಿ ಇತ್ತು ಎಂದೇ ಇಟ್ಟುಕೊಳ್ಳಿ. ಎರಡು ಲಕ್ಷ ಗೆದ್ದರೆ ತೆರಿಗೆ ಕಳೆದು ₹1,37,600. ಸರಾಸರಿ ಖರ್ಚು ₹1,31,600. ಉಳಿಯುವುದು ₹6,000, ಅದು 67 ಗಂಟೆಯ ಕೂಲಿ. ಗಂಟೆಗೆ ₹90. ಅಷ್ಟು ಹೊತ್ತೂ ಒಂದೂ ಎಲೆ ತಪ್ಪಾಗಿ ಹಿಡಿಯದೆ, ಸೋರಿಕೆ ತುಂಬಲು ಒಂದೂವರೆ ಲಕ್ಷವನ್ನಾದರೂ ಕಿಸೆಯಲ್ಲಿಟ್ಟುಕೊಂಡು ಕೂತಿರಬೇಕು. ನಡುವೆ ಪಕ್ಕದ ಸೀಟಿನವನಿಗೆ ಆ ಐದು ಎಲೆ ಬಿದ್ದುಬಿಟ್ಟರೆ ಮೀಟರ್ ₹40,000ಕ್ಕೆ ಇಳಿಯುತ್ತದೆ, ನಿಮ್ಮ ಕೊಡದಿಂದ ಅಷ್ಟರವರೆಗೆ ಸೋರಿದ್ದು ವಾಪಸ್ ಬರುವುದಿಲ್ಲ.